ಮಳೆಗಾಲದ ಕೂಸು, ಎರಡು ಬಗೆಯ ಲಂಗೋಟಿ

ನಮ್ಮ ಶಿವಮೊಗ್ಗದಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ, ಹಸುಗೂಸಿರುವ ಮನೆಯನ್ನು ಹೊಸ್ತಿಲಲ್ಲಿ ನಿಂತೇ ಗುರುತಿಸಬಹುದು. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ. ಹಗ್ಗದ ತುಂಬ ಹಳೆಯ ಪಂಚೆಯ ತುಂಡುಗಳು, ಸವೆದ ಸೀರೆಯ ಚೌಕಗಳು. ನೋಡಲು ಬಂದ ನೆಂಟರು ತಲೆ ತಗ್ಗಿಸಿಯೇ ಒಳಗೆ ನಡೆಯಬೇಕು. ಬೆಳಗ್ಗೆ ಹರವಿದ ಬಟ್ಟೆಯನ್ನು ಸಂಜೆ ಕೆನ್ನೆಗೆ ಒತ್ತಿ ನೋಡಿದ ಅಜ್ಜಿ, “ಇನ್ನೂ ತಣ್ಣಗಿದೆ” ಎಂದು ನಿಟ್ಟುಸಿರು ಬಿಟ್ಟು, ಅದನ್ನು ಮತ್ತೆ ಹಗ್ಗಕ್ಕೇ ಏರಿಸುತ್ತಾಳೆ. ತೊಟ್ಟಿಲಲ್ಲಿರುವವರಿಗೆ ಇದಾವುದರ ಚಿಂತೆಯೂ ಇಲ್ಲ. ಅವರು ತಮ್ಮ ಕೆಲಸವನ್ನು ಗಂಟೆಗೊಮ್ಮೆ ಮಾಡಿ ಮುಗಿಸುತ್ತಲೇ ಇರುತ್ತಾರೆ.

ಈ ಹಗ್ಗದ ಸಂಕಟಕ್ಕೆ ಈಗ ಅಂಗಡಿಯಲ್ಲಿ ಉತ್ತರ ದೊರೆಯುತ್ತದೆ. ಇಲ್ಲಿಯ ಗಾಂಧಿಬಜಾರಿನಲ್ಲಿಯೂ ಭದ್ರಾವತಿಯ ರಂಗಪ್ಪ ವೃತ್ತದ ಸುತ್ತಿನಲ್ಲಿಯೂ ಔಷಧದ ಅಂಗಡಿಗಳ ಮುಂದೆ, ನಗುವ ಮಗುವಿನ ಚಿತ್ರ ಹೊತ್ತ ಡೈಪರ್ ಕಟ್ಟುಗಳು ಸಾಲಾಗಿ ತೂಗುತ್ತಿರುತ್ತವೆ. ಪ್ಯಾಂಪರ್ಸ್, ಹಗ್ಗೀಸ್, ಮ್ಯಾಮಿಪೋಕೊ ಎಂದು ಹೆಸರುಗಳು ಹಲವು. ಅವುಗಳಲ್ಲಿ ಯಾವುದನ್ನು ಕೊಳ್ಳುವುದು, ಅಥವಾ ಕೊಳ್ಳಲೇಬೇಕೆ, ಎಂಬುದು ಚೊಚ್ಚಲ ಮಗುವಿನ ತಂದೆತಾಯಿಗಳ ಮೊದಲ ಪ್ರಶ್ನೆ. ಅನೇಕ ಮನೆಗಳಲ್ಲಿ ಅದೇ ಮೊದಲ ಜಗಳವೂ ಹೌದು. ಉತ್ತರ ಹೇಳುವ ಮುನ್ನ, ಕಳೆದ ಮಳೆಗಾಲದಲ್ಲಿ ನಾನು ಹತ್ತಿರದಿಂದ ಕಂಡ ಒಂದು ಸಂಸಾರದ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ. ಹೆಸರುಗಳು ಬೇಡ, ಸಂಗತಿ ಸಾಕು.

ಹುಡುಗ ಶಿವಮೊಗ್ಗದ ದುರ್ಗಿಗುಡಿಯವನು. ಹುಡುಗಿಯ ತವರು ಭದ್ರಾವತಿಯ ಪೇಪರ್‌ಟೌನ್. ಎರಡು ಊರುಗಳ ನಡುವಣ ದಾರಿ ಸುಮಾರು ೨೦ ಕಿಲೋಮೀಟರ್. ಪದ್ಧತಿಯಂತೆ ಚೊಚ್ಚಲ ಹೆರಿಗೆ ತವರಿನಲ್ಲಾಯಿತು. ಹೆಣ್ಣುಕೂಸು. ಮೂರನೆಯ ದಿನ ತಾಯಿ-ಮಗು ಆಸ್ಪತ್ರೆಯಿಂದ ಮನೆಗೆ ಬಂದರು. ಆ ಸಂಜೆಯೇ ತಂದೆಯಾದವನು ಮಳೆಯಲ್ಲಿ ನೆನೆದುಕೊಂಡು, ಎದೆಗವಚಿಕೊಂಡ ದೊಡ್ಡದೊಂದು ಡೈಪರ್ ಕಟ್ಟಿನೊಂದಿಗೆ ಬಂದಿಳಿದನು. ತಾನು ನೆನೆದರೂ ಕಟ್ಟು ನೆನೆಯದಂತೆ ತಂದಿದ್ದನೆಂಬುದನ್ನು ಇಲ್ಲಿ ಹೇಳಲೇಬೇಕು.

ಆದರೆ ಆ ಮನೆಯಲ್ಲಿ ಅಜ್ಜಿಯಾಗಲಿದ್ದವರು ಬೇಸಗೆಯಲ್ಲಿಯೇ ಸಿದ್ಧತೆ ಮುಗಿಸಿದ್ದರು. ತಮ್ಮ ಹಳೆಯ ನೂಲಿನ ಸೀರೆಗಳನ್ನೂ ಯಜಮಾನರ ಪಂಚೆಗಳನ್ನೂ ಚೌಕಚೌಕವಾಗಿ ಹರಿದು, ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದರು. ಹುಟ್ಟಿದ ಕೂಸಿನ ಮೈಗೆ ಮೊದಲು ಹಿರಿಯರು ಉಟ್ಟ ಹಳೆಯ ಬಟ್ಟೆಯೇ ತಾಗಬೇಕೆಂಬ ನಮ್ಮ ರೂಢಿಯಲ್ಲಿ ಭಾವನೆಯಷ್ಟೇ ಅಲ್ಲ, ವಿವೇಕವೂ ಇದೆ. ನೂರಾರು ಸಲ ಒಗೆದ ನೂಲಿನಷ್ಟು ಮೃದುವಾದುದು ಬೇರೆ ಯಾವುದುಂಟು?

“ಅಳಿಯಂದಿರೇ, ತಪ್ಪು ತಿಳಿಯಬೇಡಿ. ಮೂರು ದಿನದ ಕೂಸಿಗೆ ಈ ಪ್ಲಾಸ್ಟಿಕ್ಕು ಕಟ್ಟುವುದೆ? ಮೈಗೆ ಗಾಳಿ ಬೇಡವೆ?” ಎಂದರು ಅತ್ತೆ.

“ಅತ್ತೆ, ಈ ಮಳೆಯಲ್ಲಿ ದಿನಕ್ಕೆ ಹದಿನೈದು ಬಟ್ಟೆ ಒಗೆಯುವವರು ಯಾರು? ನಿಮಗೆ ಮಂಡಿನೋವು, ಇವಳಿಗೆ ನಿದ್ದೆಯಿಲ್ಲ. ನಿಮ್ಮಿಬ್ಬರಿಗೂ ಸ್ವಲ್ಪ ಬಿಡುವಾಗಲೆಂದೇ ತಂದೆ” ಎಂದನು ಅಳಿಯ.

ಇಬ್ಬರ ಮಾತಿನಲ್ಲಿಯೂ ಇದ್ದುದು ಅಕ್ಕರೆಯೇ. ಆದರೂ ಮಾತು ಬಿಗಿಯಾಗುವ ಲಕ್ಷಣ ಕಂಡಿತು. ಅಷ್ಟರಲ್ಲಿ, ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಮಾವನವರು, “ಒಂದು ಕತ್ತರಿ ಕೊಡಿ” ಎಂದರು.

ಈ ಹಿರಿಯರು ಮೈಸೂರು ಪೇಪರ್ ಮಿಲ್ಸಿನಲ್ಲಿ ದುಡಿದು ನಿವೃತ್ತರಾದವರು. ೧೯೩೬ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾಗಿ, ಭದ್ರಾವತಿಗೆ ಕಬ್ಬಿಣದ ಕಾರ್ಖಾನೆಯ ಜೊತೆಗೆ ಎರಡನೆಯ ಅನ್ನದಾತೆಯಾಗಿದ್ದ ಆ ಕಾರ್ಖಾನೆಯ ಯಂತ್ರಗಳು ೨೦೧೫ರಲ್ಲಿ ನಿಂತವು. ಆದರೆ ಅಲ್ಲಿ ದುಡಿದವರ ಬೆರಳುಗಳು ಕಲಿತುದನ್ನು ಮರೆಯುವುದುಂಟೆ? ಅವರು ಒಂದು ಡೈಪರನ್ನು ನಡುವೆ ಕತ್ತರಿಸಿ, ಒಳಗಿನ ಅರಳೆಯಂಥ ಬಿಳಿಯ ವಸ್ತುವನ್ನು ಚಿಟಿಕೆಯಲ್ಲಿ ತೆಗೆದು ಬೆಳಕಿಗೆ ಹಿಡಿದರು. “ಇದು ಹತ್ತಿಯಲ್ಲ, ಮರದ ತಿರುಳು. ನಾವು ಬಿದಿರು, ನೀಲಗಿರಿಗಳನ್ನು ಬೇಯಿಸಿ ತೆಗೆಯುತ್ತಿದ್ದೆವಲ್ಲ, ಅದರ ದಾಯಾದಿ. ಕಾಗದಕ್ಕಾದರೆ ತಿರುಳನ್ನು ನೀರಿನಲ್ಲಿ ಕಲಸಿ ಒತ್ತುತ್ತಾರೆ, ಇಲ್ಲಿ ಒಣಗಿಸಿ ಹಿಂಜಿ ಅರಳಿಸಿದ್ದಾರೆ” ಎಂದರು. ಅವರ ಮಾತು ನಿಜ. ಡೈಪರಿಗೆ ಬಳಸುವ ತಿರುಳು ಹೆಚ್ಚಾಗಿ ಅಮೆರಿಕದ ದಕ್ಷಿಣ ಭಾಗದ ಪೈನ್ ಮರಗಳದು. ಅದರ ನಾರು ಉದ್ದವಾದುದರಿಂದ ಅರಳಿಸಿದರೆ ಚೆನ್ನಾಗಿ ಹೀರುತ್ತದೆ.

ತಿರುಳಿನ ನಡುವೆ ಸಕ್ಕರೆಯ ಹರಳಿನಂಥ ಕಣಗಳೂ ಉದುರಿದವು. ಅವನ್ನು ಲೋಟದ ನೀರಿಗೆ ಹಾಕಿದಾಗ, ಕಣ್ಣೆದುರಿಗೇ ನೀರು ಗಟ್ಟಿಯಾಗಿ ಲೋಳೆಯಾಯಿತು. ಲೋಟವನ್ನು ಬೋರಲು ಹಾಕಿದರೂ ಬೀಳಲಿಲ್ಲ. ಇದು ಸೋಡಿಯಂ ಪಾಲಿಅಕ್ರಿಲೇಟ್ ಎಂಬ ರಾಸಾಯನಿಕ. ತನ್ನ ತೂಕದ ನೂರಾರು ಪಟ್ಟು ಶುದ್ಧ ನೀರನ್ನು ಹಿಡಿದಿಡಬಲ್ಲದು. ಮೂತ್ರದಲ್ಲಿ ಲವಣಗಳಿರುವುದರಿಂದ ಅದನ್ನು ಹೀರುವ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಮಗುವಿನ ಮೈಗೆ ತಾಗುವ ಪದರ ನೀರನ್ನು ಕೆಳಕ್ಕೆ ಬಿಡುತ್ತದೆ, ನಡುವಣ ಪದರ ಹಿಡಿದಿಡುತ್ತದೆ, ಹೊರಗಿನ ಪ್ಲಾಸ್ಟಿಕ್ ಪದರ ಸೋರಗೊಡುವುದಿಲ್ಲ. ಡೈಪರಿನ ಗುಟ್ಟು ಇಷ್ಟೇ.

ಈ ಗುಟ್ಟು ಒಬ್ಬರ ತಲೆಯಿಂದ ಹುಟ್ಟಿದುದಲ್ಲ. ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ, ದಿನವೂ ತೋಯುತ್ತಿದ್ದ ಹಾಸಿಗೆಯಿಂದ ಬೇಸತ್ತು, ಸ್ನಾನದ ಮನೆಯ ಪರದೆಯನ್ನೇ ಕತ್ತರಿಸಿ ಹೊಲಿದು, ನೀರು ಸೋರದ ಹೊರಚಡ್ಡಿಯೊಂದನ್ನು ಮಾಡಿದಳು. ೧೯೪೯ರಲ್ಲಿ ಅದು ಅಂಗಡಿಗೆ ಬಂತು. ವಿಕ್ಟರ್ ಮಿಲ್ಸ್ ಎಂಬ ಎಂಜಿನಿಯರನ ಬಳಗ ಬಳಸಿ ಬಿಸಾಡುವ ಪ್ಯಾಂಪರ್ಸನ್ನು ೧೯೬೧ರಲ್ಲಿ ಮಾರಾಟಕ್ಕಿಟ್ಟಿತು. ಹರಳಿನ ಕಣಗಳು ಬಂದು ಸೇರಿದುದು ೧೯೮೦ರ ದಶಕದಲ್ಲಿ. ಡೈಪರ್ ತೆಳ್ಳಗಾದುದೂ ರಾತ್ರಿಯಿಡೀ ಒಣಗಿದಂತೆ ತೋರುವುದೂ ಅಲ್ಲಿಂದೀಚೆಗೆ.

“ಒಣಗಿದಂತೆ ತೋರುವುದು” ಎಂದೆನಲ್ಲ, ಕಥೆಯ ತಿರುವು ಇರುವುದು ಅಲ್ಲಿಯೇ.

ಆ ರಾತ್ರಿ ಅಳಿಯನ ಮಾತೇ ಗೆದ್ದಿತು. ಕೂಸಿಗೆ ಡೈಪರ್ ತೊಡಿಸಿದರು. ಅದು ನೆಮ್ಮದಿಯಾಗಿ ನಿದ್ರಿಸಿತು. ಮರುದಿನವೂ ಹಾಗೆಯೇ. “ಎಷ್ಟು ಸಾಧುವಾದ ಮಗು, ಅಳುವುದೇ ಇಲ್ಲ!” ಎಂದು ನೋಡಲು ಬಂದವರು ಹೊಗಳಿದರು. ಬೆಳಗ್ಗೆಯೊಮ್ಮೆ, ಸಂಜೆಯೊಮ್ಮೆ ಡೈಪರ್ ಬದಲಾಯಿಸಿದರು, ಕೈಯಿಟ್ಟರೆ ಒಣಗಿದಂತಿತ್ತು. ಡೈಪರ್ ಚೆನ್ನಾಗಿ ಹೀರುತ್ತಿದೆಯೆಂದು ಎಲ್ಲರೂ ಮೆಚ್ಚಿಕೊಂಡರು. ಬಾಣಂತಿಗೆ ನಿದ್ದೆ ಸಿಕ್ಕಿತು, ಅಜ್ಜಿಯ ಮಂಡಿಗೆ ವಿಶ್ರಾಂತಿ ದೊರೆಯಿತು.

ಐದನೆಯ ದಿನ ಬೆಳಗ್ಗೆ ಕೂಸಿಗೆ ಮೈ ಒರೆಸಿದ ಮೇಲೆ, ಅಜ್ಜಿ ಮನಸ್ಸು ತಡೆಯದೆ ತಮ್ಮ ಪಂಚೆಯ ಲಂಗೋಟಿಯನ್ನೇ ಕಟ್ಟಿದರು. ಎಂಟು ಗಂಟೆಗೆ ಕಟ್ಟಿದ ಬಟ್ಟೆ ಹನ್ನೊಂದಕ್ಕೂ ಒದ್ದೆಯಾಗಲಿಲ್ಲ, ಒಂದಕ್ಕೂ ಆಗಲಿಲ್ಲ. ಎರಡರ ಹೊತ್ತಿಗೆ ಬಿಚ್ಚಿ ನೋಡಿದರೆ, ಇಟ್ಟಿಗೆಯ ಪುಡಿ ಉದುರಿದಂತೆ ಕೆಂಪು ಛಾಯೆಯ ಸಣ್ಣದೊಂದು ಕಲೆ ಮಾತ್ರ. ಕೂಸನ್ನು ಬಾಗಿಲ ಬೆಳಕಿಗೆ ತಂದು ನೋಡಿದರು. ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ಹಾಲಿಗೆ ಎಬ್ಬಿಸಿದರೆ ಏಳದು. “ಇದು ಸಾಧುತನವಲ್ಲ, ನಿತ್ರಾಣ” ಎಂದ ಅಜ್ಜಿ ಛತ್ರಿಗೂ ಕಾಯದೆ ಹೊರಟುಬಿಟ್ಟರು.

ವೈದ್ಯರು ಮಗುವನ್ನು ತೂಗಿ ನೋಡಿ ಕೇಳಿದ ಮೊದಲ ಪ್ರಶ್ನೆ: “ನಿನ್ನೆಯಿಂದ ಎಷ್ಟು ಸಲ ಒದ್ದೆ ಮಾಡಿದೆ?”

ತಂದೆ ತಾಯಿಯ ಮುಖ ನೋಡಿದನು. ತಾಯಿ ಅಜ್ಜಿಯ ಮುಖ ನೋಡಿದಳು. ಯಾರಿಗೂ ಗೊತ್ತಿರಲಿಲ್ಲ. ಮೂವರು ಓದು ಬಲ್ಲವರು, ಮಗುವನ್ನು ಕಣ್ಣರೆಪ್ಪೆಯಂತೆ ಕಾಯುತ್ತಿದ್ದವರು; ಆ ಒಂದು ಎಣಿಕೆ ಮಾತ್ರ ಯಾರ ಬಳಿಯೂ ಇರಲಿಲ್ಲ.

ಕೂಸು ಮೊಲೆಯನ್ನು ಸರಿಯಾಗಿ ಹಿಡಿಯದೆ, ಸಾಕಷ್ಟು ಹಾಲು ಹೊಟ್ಟೆಗಿಳಿಯದೆ, ತೂಕ ಇಳಿಯಬೇಕಾದುದಕ್ಕಿಂತ ಹೆಚ್ಚು ಇಳಿದಿತ್ತು, ಕಾಮಾಲೆಯೂ ಏರುತ್ತಿತ್ತು. ಎರಡು ದಿನ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ತಾಯಿಯ ಹಾಲನ್ನೇ ಹಿಂಡಿ, ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸಿದರು. ಮೊಲೆ ಹಿಡಿಸುವ ರೀತಿಯನ್ನು ತಾಯಿಗೆ ಕಲಿಸಿಕೊಟ್ಟರು. ಮೂರನೆಯ ದಿನ ಕೂಸು ಕಿರುಚಿ ಅತ್ತಿತು. ಆ ಅಳುವಿನಷ್ಟು ಇಂಪಾದ ಸಂಗೀತವನ್ನು ತಾನು ಕೇಳಿಲ್ಲವೆಂದು ತಂದೆ ಈಗಲೂ ಹೇಳುತ್ತಾನೆ.

ಮನೆಗೆ ಹೊರಟಾಗ ಅಜ್ಜಿ, “ಆ ಡೈಪರನ್ನು ಒಲೆಗೆ ಹಾಕುತ್ತೇನೆ” ಎಂದರಂತೆ. ವೈದ್ಯರು ನಕ್ಕು, “ಬೇಡಮ್ಮ, ಡೈಪರ್ ತನ್ನ ಕೆಲಸ ಮಾಡಿತು. ಎಣಿಸುವುದು ನಮ್ಮ ಕೆಲಸ” ಎಂದರಂತೆ.

ಈ ಮಾತನ್ನು ಹೊಸ ತಂದೆತಾಯಿಗಳು ನೆನಪಿನಲ್ಲಿಡಬೇಕು. ಬಟ್ಟೆಯ ಲಂಗೋಟಿಗೆ ಒಂದು ಗುಣವುಂಟು: ಅದು ಒದ್ದೆಯನ್ನು ಬಚ್ಚಿಡುವುದಿಲ್ಲ. ಕೂಸು ಅಳುತ್ತದೆ, ಯಾರಾದರೂ ಎದ್ದು ನೋಡಲೇಬೇಕಾಗುತ್ತದೆ. ಡೈಪರಿನ ಸೌಕರ್ಯವೇ ಅದರ ಅಪಾಯ. ನೋಡುವ ಅಗತ್ಯವನ್ನು ಅದು ತಪ್ಪಿಸಿಬಿಡುತ್ತದೆ. ಆದ್ದರಿಂದ ಯಾವುದನ್ನೇ ಕಟ್ಟಿರಿ, ಲೆಕ್ಕವಿಡಿರಿ. ಹುಟ್ಟಿದ ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ, ಮೂರನೆಯ ದಿನ ಮೂರು ಸಲವಾದರೂ ಒದ್ದೆಯಾಗಬೇಕು. ಐದನೆಯ ದಿನದಿಂದ ದಿನಕ್ಕೆ ಆರು ಸಲಕ್ಕೆ ಕಡಿಮೆಯಾಗಬಾರದು. ಮೊದಲೆರಡು ದಿನಗಳ ಕಾಡಿಗೆಯಂಥ ಕಪ್ಪುಮಲ ಐದನೆಯ ದಿನದ ಹೊತ್ತಿಗೆ ಹಳದಿಗೆ ತಿರುಗಬೇಕು. ಇಟ್ಟಿಗೆ ಬಣ್ಣದ ಕಲೆ ಮೊದಲ ಒಂದೆರಡು ದಿನ ಕಂಡರೆ ಗಾಬರಿಯಿಲ್ಲ. ಆಮೇಲೂ ಕಂಡರೆ, ಹಾಲು ಸಾಲದೆಂದು ತಿಳಿದು ವೈದ್ಯರಿಗೆ ತೋರಿಸಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೀಟು ಎಳೆದರೆ ಸಾಕು. ಅದಕ್ಕೆ ಕಾಸು ಖರ್ಚಿಲ್ಲ.

ಡೈಪರ್ ಒದ್ದೆಯೋ ಅಲ್ಲವೋ ತಿಳಿಯದಿದ್ದರೆ ಸುಲಭದ ಉಪಾಯವೊಂದಿದೆ. ಹೊಸ ಡೈಪರಿಗೆ ಊಟದ ದೊಡ್ಡ ಚಮಚದಲ್ಲಿ ಎರಡು ಮೂರು ಚಮಚ ನೀರು ಸುರಿದು, ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಒಣಗಿದುದನ್ನೂ ಹಿಡಿದು ತೂಗಿ ನೋಡಿ. ಆ ವ್ಯತ್ಯಾಸ ಕೈಗೆ ಒಮ್ಮೆ ಪಾಠವಾದರೆ ಮರೆಯುವುದಿಲ್ಲ. ಕೆಲವು ಡೈಪರುಗಳಲ್ಲಿ ಒದ್ದೆಯಾದೊಡನೆ ಬಣ್ಣ ಬದಲಾಗುವ ಗೆರೆಯಿರುತ್ತದೆ. ಹಸುಗೂಸಿಗೆ ಕೊಳ್ಳುವುದಾದರೆ ಅಂಥದನ್ನೇ ಆರಿಸುವುದು ಲೇಸು.

ಇನ್ನು ಆಯ್ಕೆಯ ವಿಷಯ. ಅಂಗಡಿಯಲ್ಲಿ ಅಂಟುಪಟ್ಟಿಯವು, ಚಡ್ಡಿಯಂತೆ ಏರಿಸುವವು ಎಂದು ಎರಡು ಬಗೆಯಿವೆ. ಹೊಕ್ಕುಳು ಇನ್ನೂ ಆರದ ಕೂಸಿಗೆ ಅಂಟುಪಟ್ಟಿಯದೇ ಸರಿ. ಮಲಗಿಸಿದಲ್ಲಿಯೇ ಬಿಚ್ಚಿ ಕಟ್ಟಬಹುದು, ಮುಂಭಾಗವನ್ನು ಹೊಕ್ಕುಳಿಗಿಂತ ಕೆಳಕ್ಕೆ ಮಡಿಚಬಹುದು. ಚಡ್ಡಿಯಂಥವು ಹೊರಳಿ ತೆವಳುವ ವಯಸ್ಸಿನವರಿಗೆ. ಅಳತೆಯನ್ನು ವಯಸ್ಸಿನಿಂದಲ್ಲ, ಕಟ್ಟಿನ ಮೇಲೆ ಬರೆದಿರುವ ತೂಕದಿಂದ ನೋಡಬೇಕು. ನಮ್ಮ ಕಥೆಯ ತಂದೆಯಂತೆ ಮೊದಲೇ ದೊಡ್ಡ ಕಟ್ಟು ತರಬಾರದು. ಕೂಸು ವಾರವಾರವೂ ಬೆಳೆಯುತ್ತದೆ. ಒಂದು ಹೆಸರಿನದು ಒಂದು ಮಗುವಿಗೆ ಒಗ್ಗದಿರಲೂಬಹುದು. ಚಿಕ್ಕ ಕಟ್ಟು ತಂದು, ಎರಡು ದಿನ ನೋಡಿ, ಆಮೇಲೆ ಮುಂದುವರಿಯಿರಿ. ಸುವಾಸನೆ ಹಾಕಿದವು ಬೇಡ. ಕಟ್ಟಿದ ಮೇಲೆ ಸೊಂಟದಲ್ಲಿ ಎರಡು ಬೆರಳು ಹಿಡಿಸಬೇಕು. ತೊಡೆಯ ಬಳಿಯ ನೆರಿಗೆ ಹೊರಕ್ಕೆ ಬಿಡಿಸಿರಬೇಕು. ಬಟ್ಟೆಯಾಗಲಿ ಡೈಪರಾಗಲಿ, ಕೂಸಿನ ಕಾಲುಗಳು ಕಪ್ಪೆಯ ಕಾಲಿನಂತೆ ಅಗಲವಾಗಿ ಮಡಿಚಿಕೊಂಡಿರಲು ಎಡೆಯಿರಬೇಕು. ಕಾಲುಗಳನ್ನು ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತುವುದು ಎಳೆಯ ಸೊಂಟದ ಕೀಲಿಗೆ ಒಳ್ಳೆಯದಲ್ಲ.

ಎಷ್ಟೇ ಬೆಲೆಯ ಡೈಪರಾದರೂ ಎರಡು ಮೂರು ಗಂಟೆಗೊಮ್ಮೆ ನೋಡಿ ಬದಲಾಯಿಸಬೇಕು. ಮಲವಾದರೆ ಆ ಕ್ಷಣವೇ ಬದಲಾಯಿಸಬೇಕು. ಮೂತ್ರದ ತೇವವೂ ಮಲದಲ್ಲಿಯ ದ್ರವಗಳೂ ಸೇರಿ ಎಳೆಯ ಚರ್ಮವನ್ನು ಕೆರಳಿಸುವುದರಿಂದಲೇ ತೊಡೆಸಂದಿನಲ್ಲಿ ಕೆಂಪು ದದ್ದು ಏಳುವುದು. ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಹೆಣ್ಣುಕೂಸಾದರೆ ಮುಂದಿನಿಂದ ಹಿಂದಕ್ಕೆ, ಒರೆಸಬೇಕು. ಮೆತ್ತಗೆ ಒತ್ತಿ ಆರಿಸಿ, ದಿನಕ್ಕೆ ಹಲವು ಸಲ ಸ್ವಲ್ಪ ಹೊತ್ತು ಬರಿಮೈಯಲ್ಲಿ ಗಾಳಿಗೆ ಬಿಡಬೇಕು. ದದ್ದು ಕಂಡರೆ ಸತುವಿನ ಮುಲಾಮು ಹಚ್ಚಬಹುದು. ಪೌಡರ್ ಬೇಡ, ಅದರ ದೂಳು ಕೂಸಿನ ಉಸಿರಿಗೆ ಸೇರುತ್ತದೆ. ದದ್ದು ಮೂರು ದಿನದಲ್ಲಿ ಇಳಿಯದಿದ್ದರೆ, ಚರ್ಮದ ಮಡಿಕೆಗಳೊಳಗೆ ಕೆಂಪಾಗಿ ಸುತ್ತಲೂ ಚುಕ್ಕಿಗಳು ಮೂಡಿದರೆ, ಅದು ಬೂಷ್ಟಿನ ಸೋಂಕಾಗಿರಬಹುದು, ಮನೆಮದ್ದು ಸಾಲದು.

ಹಾಗಾದರೆ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿಬಿಡುವುದೆ? ಸರ್ವಥಾ ಕೂಡದು. ಲೆಕ್ಕ ನೋಡಿ: ಹಸುಗೂಸಿಗೆ ದಿನಕ್ಕೆ ಹತ್ತು ಡೈಪರ್ ಬೇಕು, ಒಂದಕ್ಕೆ ಹತ್ತು ರೂಪಾಯಿಯೆಂದು ಹಿಡಿದರೂ ತಿಂಗಳಿಗೆ ೩೦೦ ಡೈಪರ್, ೩೦೦೦ ರೂಪಾಯಿ. ಬಾಡಿಗೆ ಮನೆಯ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ. ಆದರೆ ಮಳೆಗಾಲದಲ್ಲಿ ಅರೆತೇವದ ಬಟ್ಟೆಯನ್ನು ಕಟ್ಟುವುದು ಡೈಪರಿಗಿಂತ ಕೆಟ್ಟದ್ದು. ಬಚ್ಚಲ ಒಲೆಯ ಹೊಗೆಯಲ್ಲಿ ಒಣಗಿಸಿದರೆ ಬಟ್ಟೆಗೆ ಹೊಗೆ ಹಿಡಿಯುತ್ತದೆ. ಫ್ಯಾನಿನ ಕೆಳಗೆ ಒಣಗಿಸಿ, ಬಿಸಿ ಇಸ್ತ್ರಿ ಹಾಕಿ, ಆರಿದ ಮೇಲೆ ಕಟ್ಟುವುದು ಉತ್ತಮ. ಒಗೆಯುವಾಗ ಸೋಪಿನ ಅಂಶ ಉಳಿಯದಂತೆ ಎರಡು ಮೂರು ನೀರಿನಲ್ಲಿ ಜಾಲಿಸಬೇಕು. ಹಗಲು ಬಟ್ಟೆ, ರಾತ್ರಿಗೆ ಡೈಪರ್; ಬಿಸಿಲಿದ್ದಾಗ ಬಟ್ಟೆ, ಜಡಿಮಳೆಯಲ್ಲಿ ಮತ್ತು ಪ್ರಯಾಣದಲ್ಲಿ ಡೈಪರ್: ಈ ಹಂಚಿಕೆಯಲ್ಲಿ ಯಾರೂ ಸೋಲುವುದಿಲ್ಲ.

ಒಂದು ಸಂಗತಿಯನ್ನು ಅಜ್ಜಿಯರು ಕೇಳಿದರೆ ಸಂತೋಷಪಟ್ಟಾರು. ಇಂಗ್ಲೆಂಡಿನ ಪರಿಸರ ಇಲಾಖೆ ೨೦೦೮ರಲ್ಲಿ ಎರಡು ಬಗೆಯನ್ನೂ ತೂಗಿ ನೋಡಿತು. ಮಗುವೊಂದು ಎರಡೂವರೆ ವರ್ಷಗಳಲ್ಲಿ ಬಳಸುವ ಡೈಪರುಗಳಿಂದ ವಾತಾವರಣಕ್ಕೆ ಸೇರುವ ಇಂಗಾಲದ ಹೊರೆ ಸುಮಾರು ೫೫೦ ಕಿಲೋಗ್ರಾಂ. ಯಂತ್ರದಲ್ಲಿ ಒಗೆದು ಬಳಸುವ ಬಟ್ಟೆಯಿಂದ ೫೭೦. ವ್ಯತ್ಯಾಸವೇ ಇಲ್ಲವೆನ್ನಬಹುದು. ಆದರೆ ಯಂತ್ರ ತುಂಬುವಷ್ಟು ಬಟ್ಟೆ ಸೇರಿಸಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ ಆ ಹೊರೆ ಶೇಕಡ ೪೦ರಷ್ಟು ಇಳಿಯುತ್ತದೆ. ಅಣ್ಣನ ಲಂಗೋಟಿಯನ್ನು ತಂಗಿಗೆ ಕಟ್ಟಿದ ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕೊನೆಯದಾಗಿ, ಬಳಸಿದ ಡೈಪರ್ ಎಲ್ಲಿ ಹೋಗುತ್ತದೆ? ಅದನ್ನು ಬಚ್ಚಲ ಒಲೆಗೆ ಹಾಕುವವರನ್ನು ನಾನು ಕಂಡಿದ್ದೇನೆ; ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಮೊದಲು ಸೇರುವುದು ಮಗುವಿನ ಮೂಗಿಗೇ. ಶೌಚಕ್ಕೆ ಎಸೆದರೆ ಅದು ಊದಿಕೊಂಡು ಕೊಳವೆ ಕಟ್ಟುತ್ತದೆ. ಚರಂಡಿಗೆ ಎಸೆದರೆ ಮಳೆಯ ನೀರು ಬೀದಿಗೆ ಹರಿಯುತ್ತದೆ. ಕತ್ತಲಲ್ಲಿ ಹೊಳೆಯ ದಂಡೆಗೆ ಎಸೆದು ಬರುವವರೂ ಇದ್ದಾರೆ. ಗಂಗಾಸ್ನಾನ ತುಂಗಾಪಾನ ಎಂದು ಹೆಮ್ಮೆಪಡುವ ಊರು ನಮ್ಮದು. ಆ ಪಾನಕ್ಕೆ ನಾವೇ ಬೆರೆಸುತ್ತಿರುವುದು ಏನು? ಭದ್ರಾವತಿಯವರು ಭದ್ರೆಗೆ ಎಸೆದರೂ ಕೂಡ್ಲಿಯ ಸಂಗಮದಲ್ಲಿ ಎರಡೂ ಒಂದಾಗಿ, ಕೆಳಗಿನ ಊರುಗಳವರ ಬಿಂದಿಗೆ ಸೇರುತ್ತವೆ. ಮಲವನ್ನು ಶೌಚಕ್ಕೆ ಉದುರಿಸಿ, ಡೈಪರನ್ನು ಸುರುಳಿ ಸುತ್ತಿ ಅದರ ಪಟ್ಟಿಯಿಂದಲೇ ಅಂಟಿಸಿ, ಹಳೆಯ ಪತ್ರಿಕೆಯಲ್ಲಿ ಕಟ್ಟಿ, ಹಸಿಕಸಕ್ಕೂ ಒಣಕಸಕ್ಕೂ ಸೇರಿಸದೆ ಪೌರಕಾರ್ಮಿಕರ ಕೈಗೆ ಬೇರೆಯಾಗಿಯೇ ಕೊಡಬೇಕು. ಹೀಗೆ ಭದ್ರವಾಗಿ ಸುತ್ತಿ ಕೊಡಬೇಕೆಂದು ೨೦೧೬ರ ಘನತ್ಯಾಜ್ಯ ನಿಯಮಗಳಲ್ಲಿಯೇ ವಿಧಿಸಲಾಯಿತು. ನಿಯಮಕ್ಕಿಂತ ದೊಡ್ಡದೊಂದು ಕಾರಣವಿದೆ: ಸುತ್ತದೆ ಎಸೆದುದನ್ನು ಯಾರೋ ಒಬ್ಬರು ಕೈಯಿಂದ ಎತ್ತಬೇಕಾಗುತ್ತದೆ. ಅವರ ಮನೆಯಲ್ಲಿಯೂ ತೊಟ್ಟಿಲಿರುತ್ತದೆ.

ಆ ಕೂಸಿಗೆ ಈಗ ವರ್ಷ ಸಮೀಪಿಸುತ್ತಿದೆ. ಮೊನ್ನೆ ದುರ್ಗಿಗುಡಿಯ ಅವರ ಮನೆಗೆ ಹೋಗಿದ್ದೆ. ಭದ್ರಾವತಿಯ ಅಜ್ಜಿಯೂ ಬಂದಿದ್ದರು. ಹೊರಗೆ ಮುಂಗಾರಿನ ಮೊದಲ ಮಳೆ. ಒಳಗೆ ಅಳಿಯ ತೋಳೇರಿಸಿಕೊಂಡು ಲಂಗೋಟಿ ಹಿಂಡುತ್ತಿದ್ದನು. ಅಜ್ಜಿ ತೊಟ್ಟಿಲ ಬಳಿ ಕುಳಿತು, “ಅಳಿಯಂದಿರೇ, ರಾತ್ರಿಗೆ ಡೈಪರ್ ಮೂರೇ ಉಳಿದಿವೆ. ಮಳೆ ಬಿಡುವಂತೆ ಕಾಣುವುದಿಲ್ಲ, ಒಂದು ಚಿಕ್ಕ ಕಟ್ಟು ತಂದುಬಿಡಿ” ಎನ್ನುತ್ತಿದ್ದರು. ಗೋಡೆಯ ಮೇಲೆ ಕಳೆದ ವರ್ಷದ ಕ್ಯಾಲೆಂಡರ್ ಇನ್ನೂ ತೂಗುತ್ತಿತ್ತು. ಅದರ ಒಂದು ತಿಂಗಳ ಹಾಳೆಯ ತುಂಬ ಪೆನ್ಸಿಲಿನ ಗೀಟುಗಳು. ತೆಗೆದುಹಾಕಲು ಯಾರಿಗೂ ಮನಸ್ಸು ಬಂದಿಲ್ಲವಂತೆ.